ಇಳಿಯೂವಾಗ ಇಸ್ಕೋ

ಮಾಳಿಗಿ ಮಣ್ಣು ಮೊದಲು ಉದುರಿದ್ದು
ಜ್ವಾಳದ ಹಿಟ್ಟಿನ ಬುಟ್ಟಿಯೊಳಗ.
ಜರಡಿ ಹಿಡಿದು ಸುಮ್ಮನಾದೆ.
ಮರುದಿನ ನಡುಮನಿ ಜಂತಿ ಒಂದು
ಅರ್ಧ ಮುರಿದು, ಬೀಳಲೋ ಬ್ಯಾಡೋ ಅಂತ
ನನ್ನ ಕೇಳಿದಂಗ ಜೋತುಬಿತ್ತು.

ರಾಯಚೂರಿನ ಕೋಟಿಗ್ವಾಡಿಗೆ ಬೆನ್ನು ಹಚ್ಚಿ ಕುಂತ ಮನಿ.
ಬಾಡಿಗಿ ಎರಡು ಸಾವಿರದ ಎಂಟುನೂರು, ಕರೆಂಟು ಬ್ಯಾರೆ.
ಹದಿನಾಲ್ಕು ವರ್ಷ ಆತು ಇಲ್ಲಿ ಒಲಿ ಹೂಡಿ,
ದಿನಕ್ಕ ಇನ್ನೂರು ಖಡಕ್ ರೊಟ್ಟಿ,
ಮದಿವಿ ಸೀಜನ್ನಾಗ ಐನೂರು.

ಫೋನ್ ಮಾಡಿದೆ.
ಮಾಲಕರು ಬಡೇಸಾಬ್, ಲಿಂಗಸುಗೂರು ಡಿಪೋದಾಗ ಕಂಡಕ್ಟರು,
ಐತವಾರ ಬಂದರು. ಚಾ ಬ್ಯಾಡ ಅಂದರು.
ಬಾಗಿಲದಾಗ ನಿಂತು, ಬಸ್ಸಿನಾಗ ಮಂದಿ ಎಣಿಸಿದಂಗ
ಬೆರಳು ಮಾಡಿ ಜಂತಿ ಎಣಿಸಿದರು.
"ಹನ್ನೊಂದರಾಗ ಮೂರು ಹೋಗ್ಯಾವ.
ಇದೆಲ್ಲಾ ನಿನ್ನ ಒಲಿ ಹೊಗಿ, ಹುಲಿಗೆವ್ವ.
ನಮ್ಮಪ್ಪನ ಕಾಲಕ್ಕ ಹಿಂಗ ಕರ್ರಗ ಇದ್ದಿದ್ದಿಲ್ಲ.
ಅರ್ಧಾ ಖರ್ಚು ನಿಂದು."

"ಹೊಗಿ ಕುಡಿದ ಕಟ್ಟಿಗಿಗೆ ಗೆದ್ದಲ ಹತ್ತಂಗಿಲ್ರಿ.
ಒಲಿ ಮ್ಯಾಲಿನ ಜಂತಿ ಬಡದು ನೋಡ್ರಿ,
ಗಂಟಿ ಹಂಗ ನುಡೀತೈತಿ.
ಮುರದದ್ದು ನಡುಮನ್ಯಾಗ. ಅಲ್ಲಿ ನಾ
ದೇವರ ಮುಂದಿನ ದೀಪ ಬಿಟ್ಟು ಏನೂ ಹಚ್ಚಿಲ್ಲ."

ಬಡಿಗೇರ ಮೌನೇಶ ಏಣಿ ಮ್ಯಾಲಿಂದ
ಇಬ್ಬರ ಮಾತಿಗೂ ಹೂಂ ಅಂದ.
ಯಾರು ಕೊಟ್ಟರೂ ಅವನ ಕೂಲಿ ಅಷ್ಟ.

ಬಚ್ಚಲದ ನಳ ತೋರಿಸಿದೆ.
ಸವಳು ನೀರು ತಿಂದು ತಿಂದು, ವರ್ಷಕ್ಕೊಂದು
ನಾನ ಹಾಕಿಸಿಗೊಂತ ಬಂದೀನಿ.
"ತಿರುವೋ ಕೈ ಯಾರದು?" ಅಂದರು.
"ಕೈ ನಂದರಿ. ಉಪ್ಪು ಯಾರದು?
ನೆಲದಾಗಿನ ಉಪ್ಪಿಗೆ ಪಟ್ಟಾ ನನ್ನ ಹೆಸರಿಗೆ ಐತೇನು?"

ಅವರು ಚಪ್ಪಲಿ ಮೆಟ್ಟಿದರು. ಮೆಟ್ಟಿ, ತಿರುಗಿ,
"ಹದಿನಾಲ್ಕು ವರ್ಷದಾಗ ಬಾಡಿಗಿ ಎಷ್ಟು ಸಲ ಏರಿಸೇನಿ?"
"ಎರಡು ಸಲ."
"ಮತ್ತ?"
ಆ ಮತ್ತ ಅನ್ನೋದಕ್ಕ ನನ್ನ ಕಡೆ ಮಾತಿದ್ದಿಲ್ಲ.

ಬುಧವಾರ ರಾತ್ರಿ ಫೋನು.
"ಹುಲಿಗೆವ್ವ, ಮಕ್ಕೊಂಡೇನು?"
ಲಿಂಗಸುಗೂರಿನಾಗ ಅವರದೂ ಬಾಡಿಗಿ ಮನಿ.
ಬಚ್ಚಲ ಗ್ವಾಡಿ ನೀರು ಕುಡಿದು ಬಸುರಿ ಹಂಗ ಉಬ್ಬೇತಂತ.
"ನಿಮ್ಮ ಹುಡುಗರು ಬಾಳ ಜಳಕ ಮಾಡ್ತಾವ,
ಅರ್ಧಾ ನಿಮ್ಮದು" ಅಂದಳಂತ ಆ ಮನಿ ಒಡತಿ.
ಸ್ವಲ್ಪ ಹೊತ್ತು ಉಸುರಷ್ಟ ಕೇಳಿಸಿತು.
"ಅವತ್ತು ಉಪ್ಪಿಂದು ಏನೋ ಅಂದ್ಯಲ್ಲ,
ಹೆಂಗ ಅಂದಿ? ಇನ್ನೊಮ್ಮೆ ಹೇಳು."

ಹಿಟ್ಟಿನ ಕೈ ಎತ್ತಿ ಹಿಡಿದು, ಫೋನ್ ಹೆಗಲಿಗೆ ಒತ್ತಿ
ಸಾವಕಾಶ ಹೇಳಿದೆ.
ಅತ್ತಲಿಂದ ಅವರು ಹಿಂದಿಂದ ಅಂದುಕೊಂತ ಬಂದರು,
ಸಾಲ್ಯಾಗಿನ ಹುಡುಗ ಮಗ್ಗಿ ಅಂದಂಗ.
ನಗಿ ಬಂತು, ನುಂಗಿದೆ.
ಬಾಡಿಗಿಯವರ ಮಾತು ಬಾಡಿಗಿಯವರಿಗೆ ಕೊಡಾಕ
ಮುಂಗಡ ಯಾಕ ಕೇಳಬೇಕು?

ಮುಂದಿನ ಐತವಾರ ಚಾ ಕುಡಿದರು.
ಜಂತಿ ಅವರದಾತು, ಗರಸು ಅವರದು,
ಗರಸು ಮಾಳಿಗಿಗೆ ಹೊತ್ತ ಕೂಲಿ ನಂದು.
ಅಡಗಿಮನಿ ಸುಣ್ಣ ನಂದ ಅಂತ ನಾನ ಅಂದೆ,
ಹೊಗಿ ಖರೇನ ನಂದಲ್ಲ.
ಒಡತಿ ಏನಂದಳು ಅಂತ ಕೇಳಲಿಲ್ಲ.
ಅವರ ಮುಖ ನೋಡಿದರ ಗೊತ್ತಾಗತಿತ್ತು,
ಉಪ್ಪಿನ ಮಾತು ಆ ಊರಾಗ ನಡದಿಲ್ಲ.

ಕೂಡಿ ಕಳದು ನನಗ ಬರಬೇಕಾದ್ದು ಎಂಟುನೂರ ನಲವತ್ತು.
ಕಿಸೆ ತಡಕಿದರು. ಒಂದು ಹಳೇ ಟಿಕೇಟು ತಗದು
ಹಿಂದ 840 ಬರದು, ಗೀರು ಎಳದು
ನನ್ನ ಕೈಗಿಟ್ಟರು:
"ಇಳಿಯೂವಾಗ ಇಸ್ಕೋ."

ಬಾಯಿಗೆ ರೂಢಿ ಬಿದ್ದ ಮಾತು. ಅಂದ ಮ್ಯಾಲ
ಇಬ್ಬರೂ ಒಂದು ಗಳಿಗಿ ಸುಮ್ಮನಾದಿವಿ.
ಯಾವ ಸ್ಟಾಪು ಅಂತ ಅವರು ಹೇಳಲಿಲ್ಲ,
ನಾ ಕೇಳಲಿಲ್ಲ.

ಟಿಕೇಟು ಗ್ವಾಡಿ ಸಂದ್ಯಾಗ ಸಿಗಿಸೇನಿ.
ಹೊಸಾ ಜಂತಿ ಮೂರೂ ಬೆಳ್ಳಗ,
ಮಂದ್ಯಾಗ ನಿಂತ ಹೊಸ ಅಳಿಯಂದಿರ ಹಂಗ.
ನಾಳಿಂದ ನಡುಮನಿ ಬಾಗಿಲ ತಗದ ಇಡಬೇಕು,
ಅವಕ್ಕೂ ಒಂದೀಟು ಹೊಗಿ ಕುಡಿಸಬೇಕು.